ಬರ್ತೀನಿ ಅನ್ನದ ದುರ್ಗಮ್ಮ

ಭದ್ರಾವತಿಯ ನ್ಯೂ ಟೌನಿನಲ್ಲಿ ದುರ್ಗಮ್ಮ ಈಗ ಯಾರ ಮನೆಯಿಂದ ಎದ್ದರೂ ‘ಬರ್ತೀನಿ’ ಅನ್ನುವುದಿಲ್ಲ. ಕಾಫಿ ಕುಡಿದ ಲೋಟ ಕೆಳಗಿಡುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಎದ್ದು ಹೋಗಿಬಿಡುತ್ತಾಳೆ. ಮಾತಾಡುತ್ತಿದ್ದವರು ಮಾತು ಮುಗಿಸಿ ತಿರುಗಿ ನೋಡಿದರೆ ಗೇಟು ಅಲ್ಲಾಡುತ್ತಿರುತ್ತದೆ, ಅಷ್ಟೆ. ಮೊದಮೊದಲು ಜನ ನಕ್ಕರು. ಮೊಮ್ಮಗಳು ಹುಟ್ಟಿದ್ದೇ ಹುಟ್ಟಿದ್ದು, ದುರ್ಗಮ್ಮನಿಗೆ ಕೊಂಬು ಮೂಡಿದೆ ಅಂದರು. ಆಮೇಲೆ ಒಬ್ಬಿಬ್ಬರಿಗೆ ಇದು ಸರಿ ಕಾಣಲಿಲ್ಲ. ಮನೆಗೆ ಬಂದವರು ಒಂದು ಮಾತು ಹೇಳದೆ ಎದ್ದು ಹೋದರೆ ಆ ಮನೆಗೆ ಒಳ್ಳೆಯದಲ್ಲ ಅಂತ ಕರೆಯುವುದನ್ನೇ ಬಿಟ್ಟರು.

ಹಿಂದೆ ಇದೇ ದುರ್ಗಮ್ಮನ ಮನೆಯಲ್ಲಿ ‘ಹೋಗ್ತೀನಿ’ ಅನ್ನುವ ಮಾತು ಯಾರ ಬಾಯಲ್ಲೂ ಬರುವ ಹಾಗಿರಲಿಲ್ಲ. ಯಾರಾದರೂ ಮರೆತು ಅಂದರೆ ಗೇಟಿನ ತನಕ ಹೋದವರನ್ನೂ ವಾಪಸು ಕರೆದು, ಚಪ್ಪಲಿ ಬಿಡಿಸಿ, ಎರಡು ನಿಮಿಷ ಕೂರಿಸಿ, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಗ್ಯಾಸಿನ ಸಿಲಿಂಡರ್ ತಂದವನನ್ನೂ ಬಿಟ್ಟಿರಲಿಲ್ಲ. ಅದಕ್ಕೊಂದು ಕಾರಣ ಇತ್ತು. ಗಂಡ ಭೈರಪ್ಪ ಕಾರ್ಖಾನೆಗೆ ಕಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಿದ್ದ. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಯಿತು ಅಂತ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಕೊನೆಗೆ ‘ಹೋಗ್ತೀನಿ ಬಿಡು ಮಾರಾಯ್ತಿ’ ಅಂದವನೇ ಸೈಕಲ್ ಹತ್ತಿದ. ದಾರಿಯಲ್ಲಿ ಎದೆ ಹಿಡಿದುಕೊಂಡು ಮೋರಿ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಹಾರ್ಟಿನ ತೊಂದರೆ ಅಂತ ಡಾಕ್ಟರು ಬರೆದುಕೊಟ್ಟರು. ದುರ್ಗಮ್ಮ ಮಾತ್ರ ಆ ಮಾತನ್ನೇ ಹಿಡಿದುಕೊಂಡಳು. ಬರ್ತೀನಿ ಅಂದಿದ್ದರೆ ಬರುತ್ತಿದ್ದರು ಅಂತ ಅವಳ ಲೆಕ್ಕ.

ಭೈರಪ್ಪನ ಹನ್ನೊಂದನೇ ದಿನ ಹಿತ್ತಿಲಲ್ಲಿ ಕಾಗೆಗೆ ಎಡೆ ಇಟ್ಟು ಎಲ್ಲರೂ ಕಾದು ನಿಂತಿದ್ದರು. ಕಾಗೆ ಬರಲಿಲ್ಲ. ಎಲ್ಲಿಂದಲೋ ಬೆಲ್ಲದ ಬಣ್ಣದ ಒಂದು ನಾಯಿಮರಿ ಬಂದು ಎಲೆಗೆ ಬಾಯಿ ಹಾಕಿತು. ಭೈರಪ್ಪನ ಅಣ್ಣ ಕೋಲು ತೆಗೆದುಕೊಂಡ. ಹತ್ತು ದಿನದಿಂದ ಯಾರೊಟ್ಟಿಗೂ ಮಾತಾಡದೆ ಕೂತಿದ್ದ ದುರ್ಗಮ್ಮ ಅವತ್ತು ಬಾಯಿ ಬಿಟ್ಟು, ತಿನ್ನಲಿ ಬಿಡಿ, ಅವರಿಗೂ ಹೀಗೇ ಅವಸರ ಇತ್ತು ಅಂದಳು. ಮರಿ ಎಲೆ ನೆಕ್ಕಿ ಅವಳ ಕಾಲ ಹತ್ತಿರವೇ ಮಲಗಿತು. ಆಮೇಲೆ ಬೀದಿಯವರು ತಮಾಷೆ ಮಾಡುತ್ತಿದ್ದರು, ಭೈರಪ್ಪ ವಾಪಸು ಬಂದ್ನಲ್ಲ ದುರ್ಗಮ್ಮ ಅಂತ. ಅವರಲ್ಲ ಬಿಡಿ, ಇವನು ಹೇಳಿದ ಮಾತು ಕೇಳ್ತಾನೆ ಅಂತ ಅವಳೂ ನಗುತ್ತಿದ್ದಳು.

ಅದಕ್ಕೆ ದೊರೆ ಅಂತ ಹೆಸರಿಟ್ಟಳು. ಗೇಟಿನ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಮುಂಗಾಲು ಮಡಚಿಕೊಂಡು ಕೂತು ಹೋಗಿಬರುವವರ ವಿಚಾರಣೆ ಮಾಡುವ ಹಾಗೆ ನೋಡುತ್ತಿತ್ತು, ಆ ಹೆಸರು ಅದಕ್ಕೇ ಸರಿ. ಅಂಗಡಿಯ ಬೆಲ್ಟಿನಿಂದ ಕುತ್ತಿಗೆ ತುರಿಸುತ್ತದೆ ಅಂತ ತನ್ನ ಹಳೇ ಸೀರೆಯ ಕೆಂಪು ಅಂಚು ಹರಿದು ಕಟ್ಟಿದ್ದಳು. ಮಗಳು ಬಿಂದುಶ್ರೀ ಮದುವೆಯಾಗಿ ಶಿವಮೊಗ್ಗಕ್ಕೆ ಹೋದ ಮೇಲೆ ಮನೆಯಲ್ಲಿ ಇವರಿಬ್ಬರೇ. ದುರ್ಗಮ್ಮ ಒಂದು ಹಾಸ್ಟೆಲಿನ ಅಡುಗೆಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಹೊರಡುವಾಗ ದೊರೆಯ ತಲೆ ಮುಟ್ಟಿ ‘ಬರ್ತೀನಿ, ಇರು’ ಅನ್ನುವಳು. ಮೂರು ಗಂಟೆಗೆ ಅವಳು ತಿರುವಿನಲ್ಲಿ ಕಾಣುವವರೆಗೂ ಅದು ಕಟ್ಟೆ ಬಿಟ್ಟು ಇಳಿಯುತ್ತಿರಲಿಲ್ಲ. ಮಳೆ ಬಂದರೂ ಇಲ್ಲ, ಬೇರೆ ನಾಯಿಗಳು ಬಂದು ಕೆಣಕಿದರೂ ಇಲ್ಲ. ಅದಕ್ಕೆ ತಿಳಿಯುತ್ತಿದ್ದುದು ಮೂರೇ ಮಾತು: ಬಾ, ತಿನ್ನು, ಬರ್ತೀನಿ. ‘ಹೋಗು’ ಅಂತ ಅವಳು ಅದಕ್ಕೆ ಒಂದು ದಿನವೂ ಅಂದಿರಲಿಲ್ಲ. ಹಾಗೆ ಏಳು ವರ್ಷ.

ಬಿಂದುಶ್ರೀಗೆ ಏಳು ತಿಂಗಳು ತುಂಬುವಾಗ ಬಿ.ಪಿ. ಜಾಸ್ತಿಯಾಯಿತು. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು, ಆದರೆ ಡಾಕ್ಟರು ಶಿವಮೊಗ್ಗ ಬಿಟ್ಟು ಕದಲಬಾರದು ಅಂದರು. ಹಾಗಾಗಿ ಬಾಣಂತನಕ್ಕೆ ದುರ್ಗಮ್ಮನೇ ವಿನೋಬನಗರದ ಮಗಳ ಮನೆಗೆ ಹೋಗುವುದು ಅಂತಾಯಿತು. ಅಳಿಯ ಸತೀಶ್ ಒಳ್ಳೆಯವನು, ದೊರೆಯನ್ನೂ ಕರೆದುಕೊಂಡು ಬನ್ನಿ ಅತ್ತೆ ಅಂದ. ಅವನ ತಾಯಿ ಒಪ್ಪಲಿಲ್ಲ. ಎಳೆ ಮಗುವಿನ ಮನೆಯಲ್ಲಿ ನಾಯಿ ಕೂದಲು ಆಗುವುದಿಲ್ಲ ಅಂದರು. ಅದು ದುರ್ಗಮ್ಮನಿಗೂ ಸರಿಯೇ ಕಂಡಿತು. ಪಕ್ಕದ ಮನೆಯ ವಿದ್ಯಾಶ್ರೀ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ದೊರೆಯನ್ನು ಮರಿಯಿಂದ ನೋಡಿದವಳು. ನಾಲ್ಕು ತಿಂಗಳು ತಾನೇ ದುರ್ಗಕ್ಕ, ನಾನು ನೋಡ್ಕೋತೀನಿ ಅಂದಳು.

ಹೊರಡುವ ದಿನ ದೊರೆಗೆ ಏನೂ ಹೇಳಬಾರದು, ಅದು ಊಟ ಮಾಡುವಾಗ ಹಿತ್ತಿಲ ಬಾಗಿಲಿಂದ ಹೋಗಿಬಿಡಬೇಕು ಅಂತ ದುರ್ಗಮ್ಮ ಹಿಂದಿನ ದಿನದಿಂದಲೂ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಆದರೆ ಚೀಲ ನೋಡಿದ ದೊರೆ ಬೆಳಿಗ್ಗೆಯಿಂದ ತಟ್ಟೆ ಮೂಸಲಿಲ್ಲ, ಕಟ್ಟೆಯ ಮೇಲೆ ಕೂತು ಮುಖ ಎತ್ತಿ ಅವಳನ್ನೇ ನೋಡುತ್ತಿತ್ತು. ಬಸ್ಸಿಗೆ ಹೊತ್ತಾಯಿತು. ಅವಳು ಗೇಟು ತೆಗೆದಳು. ಏಳು ವರ್ಷದಿಂದ ಆ ಗೇಟಿನ ಸದ್ದಿನ ಹಿಂದೆಯೇ ಬರುತ್ತಿದ್ದ ಮಾತು ಅವತ್ತೂ ತಾನಾಗಿ ಬಂತು.

“ಬರ್ತೀನಿ, ಇರು.”

ದೊರೆ ಗಲ್ಲವನ್ನು ಮುಂಗಾಲ ಮೇಲೆ ಇಟ್ಟಿತು. ಮೂರು ಗಂಟೆಗೆ ಬರುತ್ತಾಳೆ ಅಂದುಕೊಂಡಿರಬೇಕು.

ಒಂದು ತಿಂಗಳಿಗೂ ಹೆಚ್ಚು ದಿನ ಅದು ಕಟ್ಟೆಯನ್ನು ಹಿಡಿದೇ ಇತ್ತು ಅಂತ ವಿದ್ಯಾಶ್ರೀ ಫೋನಿನಲ್ಲಿ ಹೇಳುತ್ತಿದ್ದಳು. ಹಾಲು ಅನ್ನ ಅಲ್ಲಿಗೇ ತೆಗೆದುಕೊಂಡು ಹೋಗಿ ಇಟ್ಟರೆ ಅರ್ಧ ತಿನ್ನುತ್ತದೆ, ಮೂರು ಗಂಟೆಗೆ ಎದ್ದು ನಿಂತು ತಿರುವಿನ ಕಡೆ ನೋಡುತ್ತದೆ. ಒಂದು ದಿನ ಹೋಗಿ ನೋಡಿಕೊಂಡು ಬರಲೇ ಅಂತ ದುರ್ಗಮ್ಮ ಬಸ್ಸಿನ ಹೊತ್ತು ಕೇಳಿಟ್ಟುಕೊಂಡಳು. ಆದರೆ ಮಗಳ ಕಾಲು ಊದಿಕೊಂಡಿತ್ತು, ಆಸ್ಪತ್ರೆಗೆ ಓಡಾಟ. ಹೋಗಿ ಮುಖ ತೋರಿಸಿ ಮತ್ತೆ ಬಿಟ್ಟು ಬಂದರೆ ಅದಕ್ಕೆ ಇನ್ನೂ ಸಂಕಟ ಅಂತ ತನಗೆ ತಾನೇ ಹೇಳಿಕೊಂಡಳು. ಬಸ್ಸಿಗೆ ಮುಕ್ಕಾಲು ಗಂಟೆಯ ದಾರಿ. ಅಷ್ಟೇ ದಾರಿ.

ಆಮೇಲೆ ಮಗು ಹುಟ್ಟಿತು. ಹೆಣ್ಣು. ಹುಟ್ಟುವಾಗಲೇ ತಲೆ ತುಂಬ ಕೂದಲು. ದುರ್ಗಮ್ಮ ದಿನಾ ಬೆಳಿಗ್ಗೆ ನೀರು ಕಾಯಿಸಿ, ಕಾಲು ಚಾಚಿ ಕೂತು, ಮೊಮ್ಮಗಳನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕುವಳು, ಸಾಂಬ್ರಾಣಿ ಹೊಗೆ ಕೊಡುವಳು, ಮಗಳಿಗೆ ಬೆಳ್ಳುಳ್ಳಿ ಮೆಣಸಿನ ಸಾರು ಮಾಡುವಳು. ಮಗು ಅವಳ ಎದೆಯ ಮೇಲೇ ನಿದ್ದೆ ಹೋಗುತ್ತಿತ್ತು. ಭೈರಪ್ಪ ಹೋದ ಮೇಲೆ ಇಷ್ಟು ಸುಖ ಅವಳು ಕಂಡಿರಲಿಲ್ಲ. ಆ ದಿನಗಳಲ್ಲಿ ಅವಳಿಗೆ ದೊರೆಯ ನೆನಪೇ ಬರಲಿಲ್ಲ. ಒಂದು ದಿನ, ಎರಡು ದಿನ ಮರೆತದ್ದಾದರೆ ಮಾತು ಬೇರೆ. ಇಪ್ಪತ್ತು ದಿನ ಅವಳು ವಿದ್ಯಾಶ್ರೀಗೆ ಫೋನೇ ಮಾಡಲಿಲ್ಲ.

ಇಪ್ಪತ್ತೊಂದನೇ ದಿನ ವಿದ್ಯಾಶ್ರೀಯೇ ಮಾಡಿದಳು, ಸಂತೋಷದಿಂದ. ದೊರೆ ಕಟ್ಟೆ ಬಿಟ್ಟಿದೆ ದುರ್ಗಕ್ಕ, ನಮ್ಮ ಜಗಲಿಗೆ ಬಂದು ಮಲಗುತ್ತದೆ, ತಟ್ಟೆ ಖಾಲಿ ಮಾಡುತ್ತದೆ, ಮೈ ಬಂದಿದೆ, ನನ್ನ ಹಿಂದೆ ಅಂಗನವಾಡಿ ತನಕ ಬರುತ್ತದೆ, ನೀವು ಆರಾಮಾಗಿರಿ.

ಆರಾಮಾಗಬೇಕಿತ್ತು. ಅವಳಿಗೆ ಏನೋ ಚುಚ್ಚಿತು. ತಾನು ಮರೆತದ್ದು ಅವಳಿಗೆ ಆ ಗಳಿಗೆಯಲ್ಲಿ ತೋಚಲಿಲ್ಲ, ಅದು ತನ್ನನ್ನು ಮರೆಯಿತಲ್ಲ ಅನ್ನುವುದೇ ತೋಚಿತು. ಅದರ ಕಿವಿಗೆ ಫೋನು ಹಿಡಿ ವಿದ್ಯಾ, ನನ್ನ ದನಿ ಕೇಳಿದರೆ ಏನು ಮಾಡುತ್ತೆ ನೋಡೋಣ ಅಂದಳು. ವಿದ್ಯಾಶ್ರೀ ನಗುತ್ತಾ ಸ್ಪೀಕರ್ ಹಾಕಿ ಹಿಡಿದಳು.

“ದೊರೇ... ದೊರೆ ಮರೀ... ನಾನು ಕಣೋ.”

ಬಾಲ ಹೊಡೀತಿದೆ, ಫೋನಿನ ಹಿಂದೆ ಹೋಗಿ ನೋಡ್ತಿದೆ, ನಿಮ್ಮನ್ನೇ ಹುಡುಕ್ತಿದೆ ದುರ್ಗಕ್ಕ ಅಂತ ವಿದ್ಯಾಶ್ರೀ ಹೇಳಿದಳು. ದುರ್ಗಮ್ಮನ ಎದೆ ತುಂಬಿ ಬಂತು. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಮನುಷ್ಯರೊಟ್ಟಿಗೆ ಮಾತಾಡಿದಾಗ ‘ಇಡ್ತೀನಿ’ ಅನ್ನುತ್ತಿದ್ದವಳು ದೊರೆಗೆ ಇನ್ನೇನು ಅನ್ನುವುದು? ಅದಕ್ಕೆ ಹೇಳುವ ಮಾತು ಒಂದೇ.

“ಬರ್ತೀನಿ, ಇರು.”

ಅವತ್ತು ಸಂಜೆಯೇ ದೊರೆ ಜಗಲಿ ಬಿಟ್ಟು ಕಟ್ಟೆಗೆ ವಾಪಸು ಹೋಯಿತು. ಕರೆದರೆ ಬರಲಿಲ್ಲ, ತಟ್ಟೆ ಮುಟ್ಟಲಿಲ್ಲ. ಎರಡು ದಿನ ಬಿಟ್ಟು ವಿದ್ಯಾಶ್ರೀ ಇದನ್ನು ಹೇಳಿದಾಗ ದುರ್ಗಮ್ಮ ಅಯ್ಯೋ ಪಾಪ ಅಂದಳು. ಬಾಯಲ್ಲಿ ಅಯ್ಯೋ ಅಂದರೂ ಒಳಗೆ ಒಂದು ತುತ್ತಿನಷ್ಟು ಹೆಮ್ಮೆಯಾಯಿತು. ತೊಟ್ಟಿಲ ಶಾಸ್ತ್ರ ಮುಗಿಯಲಿ, ಬಂದು ನೋಡಿಕೊಂಡು ಹೋಗುತ್ತೇನೆ ಅಂದಳು.

ತೊಟ್ಟಿಲಿಗೆ ಹಾಕುವ ಶಾಸ್ತ್ರ ಭಾನುವಾರಕ್ಕೆ ಇತ್ತು. ಶುಕ್ರವಾರ ಬೆಳಿಗ್ಗೆ ವಿದ್ಯಾಶ್ರೀ ಫೋನ್ ಮಾಡಿದಳು, ಈ ಸಲ ನಗು ಇರಲಿಲ್ಲ. ದೊರೆ ಕಟ್ಟೆಯ ಮೇಲಿಲ್ಲ. ಹಾಸ್ಟೆಲ್ ಹತ್ತಿರ ನೋಡಿದೆ, ಬಸ್ ಸ್ಟಾಪಿಗೆ ಹೋಗಿ ನೋಡಿದೆ, ಎಲ್ಲೂ ಇಲ್ಲ. ದುರ್ಗಮ್ಮ ಫೋನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ನಿಂತಳು. ಬಿಂದುಶ್ರೀ ಏನಾಯಿತು ಅಂತ ಕೇಳಿ, ನಾಯಿ ತಾನೇ ಅಮ್ಮ, ಎಲ್ಲೋ ತಿರುಗ್ತಿರುತ್ತೆ, ಬರುತ್ತೆ, ಭಾನುವಾರ ಒಂದು ಕಳೀಲಿ ಅಂದಳು. ದುರ್ಗಮ್ಮನಿಗೆ ಯಾರಾದರೂ ಹಾಗೆ ಅನ್ನಲಿ ಅಂತಲೇ ಇತ್ತು. ಬೀಗರ ಕಡೆಯಿಂದ ನಲವತ್ತು ಜನ ಬರುವವರಿದ್ದರು. ಶನಿವಾರ ಬೇಳೆ ನೆನೆಹಾಕಿದಳು. ಭಾನುವಾರ ಹೋಳಿಗೆ ತಟ್ಟಿದಳು. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಅಮೂಲ್ಯ ಅಂತ ಹೆಸರು ಕರೆದರು. ಫೋಟೋದಲ್ಲಿ ದುರ್ಗಮ್ಮ ನಗುತ್ತಿದ್ದಾಳೆ. ಆ ಫೋಟೋ ಇವತ್ತಿಗೂ ಅಳಿಯನ ಮನೆಯ ಟಿ.ವಿ. ಮೇಲಿದೆ.

ಸೋಮವಾರ ಅವಳು ಭದ್ರಾವತಿ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಕೂತು ರಸ್ತೆಯ ಎರಡೂ ಬದಿ ನೋಡುತ್ತಾ ಹೊರಟಳು. ಶಿವಮೊಗ್ಗ ದಾಟಿ ಇಪ್ಪತ್ತು ನಿಮಿಷ ಆಗಿರಲಿಲ್ಲ, ಮಲವಗೊಪ್ಪದಲ್ಲಿ ಬಸ್ಸು ನಿಂತಿತು. ಸ್ಟಾಪಿನ ಎದುರಿಗೆ ಒಂದು ಪಂಕ್ಚರ್ ಅಂಗಡಿ. ಅದರ ಕಂಬದ ಮೊಳೆಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿತ್ತು. ದುರ್ಗಮ್ಮ ಅದನ್ನು ನೋಡಿದಳು. ತನ್ನ ಸೀರೆಯ ಅಂಚು ತನಗೆ ಗೊತ್ತಾಗುವುದಿಲ್ಲವೇ. ಬಸ್ಸು ಹೊರಟಾಗಿತ್ತು, ಕಂಡಕ್ಟರ್ ಬೈಯುತ್ತಿದ್ದರೂ ಕೇಳದೆ ನಿಲ್ಲಿಸಿಕೊಂಡು ಇಳಿದಳು.

ಅಂಗಡಿಯವರು ಉಜ್ಜನಪ್ಪ ಅಂತ, ಅರವತ್ತು ದಾಟಿದವರು. ಅವಳು ಬಟ್ಟೆ ಮುಟ್ಟಿದ್ದು ನೋಡಿ ಟ್ಯೂಬು ನೀರಲ್ಲೇ ಬಿಟ್ಟು ಎದ್ದರು, ಸ್ಟೂಲು ಹಾಕಿದರು. ಅವರು ಹೇಳಿದ್ದು ಇಷ್ಟು. ಶುಕ್ರವಾರ ಮಧ್ಯಾಹ್ನ ಭದ್ರಾವತಿ ಕಡೆಯಿಂದ ಕುಂಟುತ್ತಾ ಬಂತು. ಅಂಗಾಲು ಸುಲಿದಿತ್ತು. ನೀರು ಕೊಟ್ಟರೆ ಕುಡಿಯಿತು, ಬನ್ನು ಹಾಕಿದರೆ ಮೂಸಿ ಬಿಟ್ಟಿತು. ಅಲ್ಲಿಂದ ಮುಂದೆ ನಡೆಯಲಾರದೆ ಸ್ಟಾಪಿನ ಕಟ್ಟೆಯ ಮೇಲೆ ಕೂತಿತು. ಶಿವಮೊಗ್ಗದಿಂದ ಬರುವ ಒಂದೊಂದು ಬಸ್ಸಿಗೂ ಎದ್ದು ನಿಂತು ಇಳಿಯುವ ಹೆಂಗಸರ ಮುಖ ನೋಡುತ್ತಿತ್ತು. ಶುಕ್ರವಾರ ಹಾಗೇ, ಶನಿವಾರ ಹಾಗೇ. ಭಾನುವಾರ ಬೆಳಿಗ್ಗೆ ತಿಂಡಿ ಹೊತ್ತಿಗೆ ಒಂದು ಬಸ್ಸು ಸ್ಟಾಪು ಬಿಟ್ಟು ಮುಂದೆ ಹೋಗಿ ನಿಂತಿತು. ಇಳಿದ ಒಬ್ಬ ಹೆಂಗಸು ಚೀಲ ಹಿಡಿದುಕೊಂಡು ರಸ್ತೆ ದಾಟಿ ಆ ಕಡೆ ಹೋದಳು. ಎತ್ತರ, ನಡಿಗೆ ನಿಮ್ಮ ಥರವೇ ಇತ್ತು ಅಂದರು. ಅದು ಕುಂಟು ಮರೆತು ಓಡಿತು. ಟೆಂಪೋದವನಿಗೆ ಬ್ರೇಕ್ ಹಿಡಿಯಲು ಆಗಲಿಲ್ಲ. ಅಂಗಡಿಯ ಹಿಂದೆ ಹೊಂಗೆ ಮರದ ಕೆಳಗೆ ಹೂತಿದ್ದೇನೆ, ಬಟ್ಟೆ ಕಟ್ಟಿ ಸಾಕಿದವರು ಹುಡುಕಿಕೊಂಡು ಬಂದರೆ ಕಾಣಲಿ ಅಂತ ಅದನ್ನು ಕಂಬಕ್ಕೆ ಕಟ್ಟಿದೆ ಅಂದರು.

ದುರ್ಗಮ್ಮ ಕೇಳಿದಳು, “ಎರಡು ದಿನ ಇಲ್ಲೇ ಇತ್ತಾ?”

“ಇತ್ತು ತಾಯಿ. ಯಾರಾದ್ರೂ ಬರ್ತಾರೆ ಅಂತ ನಾನೂ ನೋಡ್ತಾನೇ ಇದ್ದೆ.”

ಅವರು ಚುಚ್ಚಿ ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು. ಆ ಮಾತು ದುರ್ಗಮ್ಮನ ಒಳಗೆ ಹೋಗಿ ಕೂತದ್ದು ಇನ್ನೂ ಎದ್ದಿಲ್ಲ. ಭಾನುವಾರ ತಿಂಡಿ ಹೊತ್ತಿಗೆ ಅವಳು ಹೂರಣ ರುಬ್ಬುತ್ತಿದ್ದಳು. ಶನಿವಾರ ಬಂದಿದ್ದರೆ? ಬೇಳೆ ನೆನೆಹಾಕಿ ಬಂದಿದ್ದರೂ ಅದು ನೆನೆಯುವುದರೊಳಗೆ ವಾಪಸು ಹೋಗಬಹುದಿತ್ತು, ಅಷ್ಟೇ ದೂರ. ಹನ್ನೆರಡು ಹದಿಮೂರು ಕಿಲೋಮೀಟರು ಅದು ನಡೆದು ಬಂದಿತ್ತು. ಉಳಿದ ಆರು ಅವಳು ಹೋಗಬೇಕಿತ್ತು.

ಹೊಂಗೆ ಮರದ ಕೆಳಗೆ ಹಸಿ ಮಣ್ಣಿನ ಗುಪ್ಪೆ, ಮೇಲೆ ಒಂದು ಹಳೇ ಟೈರು ಇಟ್ಟಿದ್ದರು, ಬೇರೆ ನಾಯಿ ಕೆದರದಿರಲಿ ಅಂತ. ದುರ್ಗಮ್ಮ ಅಲ್ಲಿ ಕೂತಳು. ಹೋಗು ಮಗ, ಇನ್ನು ಕಾಯಬೇಡ, ಹೋಗು ಅಂತ ಹೇಳಬೇಕು ಅಂದುಕೊಂಡಳು. ಏಳು ವರ್ಷದಲ್ಲಿ ಒಂದು ಸಲವೂ ಅನ್ನದ ಆ ಮಾತು ಬಾಯಿಗೆ ಬರಲಿಲ್ಲ. ಎಷ್ಟು ಬಸ್ಸು ಹೋದವೋ. ಕೊನೆಗೆ ಉಜ್ಜನಪ್ಪನವರೇ ಬಂದು ಹೊತ್ತಾಯಿತು ತಾಯಿ ಅಂದಾಗ ಮಣ್ಣು ಮುಟ್ಟಿ ಎದ್ದಳು. ಎದ್ದ ಕೂಡಲೇ ನಾಲಿಗೆ ಅದರ ಪಾಡಿಗೆ ಹೇಳಿಬಿಟ್ಟಿತು, ಬರ್ತೀನಿ, ಇರು. ಕೇಳಿಸಿಕೊಂಡು ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅದೇ ಕೊನೆ. ಆಮೇಲೆ ಆ ಮಾತು ಅವಳ ಬಾಯಿಂದ ಬಂದಿಲ್ಲ.

ಮಗಳಿಗೆ ಸುಳ್ಳು ಹೇಳಿದಳು. ಸಿಕ್ಕಿತು, ವಿದ್ಯಾ ಮನೆಯಲ್ಲಿದೆ ಅಂದಳು. ಹಸಿ ಬಾಣಂತಿ, ತೊಟ್ಟಿಲ ದಿನವೇ ಹೀಗಾಯಿತು ಅಂತ ತಿಳಿದರೆ ಆ ದಿನ ಅವಳಿಗೆ ಜೀವನಪೂರ್ತಿ ಕೆಡುತ್ತದೆ. ಉಳಿದ ಬಾಣಂತನ ಮುಗಿಸಿದಳು. ಎಣ್ಣೆ ನೀರು ಒಂದು ದಿನವೂ ತಪ್ಪಿಸಲಿಲ್ಲ, ಕೈ ಕೆಲಸ ಮಾಡುತ್ತಿತ್ತು. ಆದರೆ ಮಗು ಅವಳನ್ನು ನೋಡಿ ನಗಲು ಕಲಿತಾಗ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಆ ಮುಖ ನೋಡಿ ಸಂತೋಷಪಟ್ಟೇ ಅಲ್ಲವೇ ತಾನು ಮರೆತದ್ದು. ನಿದ್ದೆ ಬಂದ ಮಗುವನ್ನು ಎದೆಯ ಮೇಲೆ ಹಾಕಿಕೊಳ್ಳದೆ ತೊಟ್ಟಿಲಲ್ಲೇ ಮಲಗಿಸುತ್ತಿದ್ದಳು. ನಾಲ್ಕು ತಿಂಗಳು ತುಂಬಿದ ದಿನ ಚೀಲ ಹಿಡಿದು ಒಂದು ಮಾತೂ ಆಡದೆ ಹೊರಟುಬಿಟ್ಟಳು. ಬಿಂದುಶ್ರೀ ಎರಡು ದಿನ ಅತ್ತಳಂತೆ.

ನ್ಯೂ ಟೌನಿಗೆ ಬಂದವಳು ಹಾಸ್ಟೆಲ್ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಸರ್ಕಾರದ ವಿಧವಾ ಪೆನ್ಷನ್ನಿನಲ್ಲೇ ಹೇಗೋ ಸಾಗಿಸಿದಳು. ಬೆಳಿಗ್ಗೆ ಎದ್ದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರೆ ಬಿಸಿಲು ಬಂದು ತಲೆ ಸುಡುವವರೆಗೂ ಕೂತಿರುವಳು. ದೊರೆ ಹೇಗೆ ಕೂತಿತ್ತೋ ಹಾಗೆ, ತಿರುವಿನ ಕಡೆ ಮುಖ ಮಾಡಿಕೊಂಡು. ವಿದ್ಯಾಶ್ರೀ ಒಂದು ಸಲ ಮರಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ದುರ್ಗಮ್ಮ ಅದನ್ನು ಮುಟ್ಟಲಿಲ್ಲ. ಇದಕ್ಕೂ ಒಂದು ದಿನ ನಾನು ಏನಾದರೂ ಹೇಳಿಬಿಡ್ತೀನಿ, ತಗೊಂಡು ಹೋಗು ವಿದ್ಯಾ ಅಂದಳು. ಫೋನು ಹಿಡಿದವಳು ನಾನೇ ಅಲ್ಲವೇ ಅಂತ ವಿದ್ಯಾಶ್ರೀಯೂ ಒಳಗೊಳಗೇ ಕೊರಗುತ್ತಿದ್ದಳು. ಅದು ದುರ್ಗಮ್ಮನಿಗೆ ಗೊತ್ತಿತ್ತು. ಹಿಡಿಯಲು ಹೇಳಿದ್ದು ನಾನು ಅಂತ ಒಂದು ಮಾತು ಆಡಿದ್ದರೆ ಅವಳಿಗಾದರೂ ಹಗುರಾಗುತ್ತಿತ್ತು. ಅಷ್ಟು ಮಾತೂ ಅವಳಿಂದ ಆಗಲಿಲ್ಲ.

ಮಗುವಿಗೆ ಎಂಟು ತಿಂಗಳಾದಾಗ ಬಿಂದುಶ್ರೀ ಅದನ್ನು ಕಂಕುಳಲ್ಲಿ ಕೂರಿಸಿಕೊಂಡು ಬಂದಳು. ಅವಳು ಕೆಲಸಕ್ಕೆ ವಾಪಸು ಹೋಗಬೇಕಿತ್ತು, ಅತ್ತೆಗೆ ಮಂಡಿ ನೋವು, ಮಗುವನ್ನು ನೋಡಿಕೊಳ್ಳಲು ಅಮ್ಮ ಬರಲೇಬೇಕು. ಅಷ್ಟು ತಿಂಗಳ ಸಿಟ್ಟು ನುಂಗಿಕೊಂಡು ಬಂದಿದ್ದಳು. ಗೇಟು ತೆಗೆಯುತ್ತಲೇ ಕಟ್ಟೆಯ ಮೇಲೆ ಅಮ್ಮ ಕೂತಿರುವುದು ನೋಡಿ ನಿಂತಳು.

“ದೊರೆ ಎಲ್ಲಮ್ಮ?”

ಬಿಂದುಶ್ರೀ ಒಳಗೆ ಹೋಗಿ ನೋಡಿದಳು, ಹಿತ್ತಿಲಲ್ಲಿ ನೋಡಿದಳು. ಅಲ್ಯೂಮಿನಿಯಂ ತಟ್ಟೆ ಬೋರಲು ಹಾಕಿತ್ತು, ಅದರ ಮೇಲೆ ಧೂಳು. ಹೊರಗೆ ಬಂದು ಮತ್ತೆ ಕೇಳಿದಳು. ಆಗ ದುರ್ಗಮ್ಮ ಹೇಳಿದಳು, ಒಂದೂ ಬಿಡದೆ, ತಿರುವಿನ ಕಡೆ ನೋಡುತ್ತಲೇ. ಕೆಂಪು ಅಂಚು, ಪಂಕ್ಚರ್ ಅಂಗಡಿ, ಎರಡು ದಿನ. ದಿನ ಮಾತ್ರ ಹೇಳಬಾರದು ಅಂದುಕೊಂಡಿದ್ದಳು. ಭಾನುವಾರ ಅಂತ ಅವಳ ಬಾಯಿಂದ ಬಂದದ್ದೇ ಬಿಂದುಶ್ರೀ ಅಮ್ಮನ ಪಕ್ಕ ಕಟ್ಟೆಯ ಮೇಲೆ ಕೂತಳು.

“ಭಾನುವಾರ ಕಳೀಲಿ ಅಂದಿದ್ದು ನಾನು.”

“ನೀನಲ್ಲ. ನೀನು ಅನ್ನದಿದ್ರೂ ನಾನು ಬರ್ತಿರಲಿಲ್ಲ.”

ಅದು ನಿಜವೇ. ನಿಜವಾದರೂ ಮಗಳಿಗೆ ಅದರಿಂದ ಏನೂ ಆಗಲಿಲ್ಲ. ಅವಳು ಮಗುವಿನ ತಲೆಯ ಮೇಲೆ ಗಲ್ಲ ಇಟ್ಟು ಅಳುತ್ತಿದ್ದಳು. ಇಷ್ಟು ತಿಂಗಳು ಒಬ್ಬಳೇ ಹೊತ್ತದ್ದು ಈಗ ಎರಡಾಯಿತು, ಕಡಿಮೆಯಂತೂ ಆಗಲಿಲ್ಲ, ಅಂತ ದುರ್ಗಮ್ಮನಿಗೆ ಅನ್ನಿಸಿತು. ಆದರೂ ಹೇಳದೇ ಉಳಿದದ್ದು ಇನ್ನೊಂದಿತ್ತು.

“ಅವನು ನನ್ನ ಮರ್ತಿದ್ದ ಬಿಂದೂ. ಚೆನ್ನಾಗಿದ್ದ. ನಾನೇ ನೆನಪು ಮಾಡಿಸ್ದೆ.”

ಬಿಂದುಶ್ರೀ ಕಣ್ಣು ಒರೆಸಿಕೊಂಡು ಬಾರಮ್ಮ ನನ್ನ ಜೊತೆ ಅಂದಳು, ಇಲ್ಲಿ ಒಬ್ಬಳೇ ಕೂತು ಏನು ಮಾಡ್ತೀಯ, ಮಗುವಿನ ಮುಖ ನೋಡ್ಕೊಂಡಾದರೂ ಇರು ಅಂದಳು. ದುರ್ಗಮ್ಮ ತಲೆ ಅಲ್ಲಾಡಿಸಿದಳು. ಮಗು ಇವಳ ಸೆರಗಿಗೆ ಕೈ ಚಾಚಿತು. ಅವಳು ಸೆರಗು ಎಳೆದುಕೊಳ್ಳಲೂ ಇಲ್ಲ, ಮಗುವನ್ನು ತೆಗೆದುಕೊಳ್ಳಲೂ ಇಲ್ಲ.

“ದಿನಾ ಅಂಗಡಿಗೆ ಹೊರಡ್ತೀನಿ, ಹಾಲಿಗೆ ಹೊರಡ್ತೀನಿ. ಇದಕ್ಕೆ ಏನಂತ ಹೇಳಿ ಹೊರಡ್ಲಿ, ನೀನೇ ಹೇಳು.”

ಕಾಫಿಯನ್ನು ಬಿಂದುಶ್ರೀಯೇ ಮಾಡಿದಳು, ಇಬ್ಬರೂ ಕುಡಿದರು. ತಟ್ಟೆಯ ಧೂಳು ತೊಳೆದು ಮತ್ತೆ ಬೋರಲು ಹಾಕಿದಳು. ನಾಲ್ಕು ಗಂಟೆ ಬಸ್ಸಿಗೆ ಎದ್ದು, ಮಗುವಿಗೆ ಟೋಪಿ ಹಾಕಿ, ಗೇಟಿನ ತನಕ ಹೋಗಿ ತಿರುಗಿದಳು. ಅಪ್ಪ ಹೋದಾಗಿನಿಂದ ಇದೇ ಗೇಟಿನಲ್ಲಿ ನಿಂತು ಅಮ್ಮ ಹೇಳಿಸಿ ಹೇಳಿಸಿ ಕಲಿಸಿದ ಮಾತು. ಅವಳ ತುಟಿ ಎರಡೂ ಕೂಡಿಕೊಂಡದ್ದು ದುರ್ಗಮ್ಮನಿಗೆ ಕಂಡಿತು. ಕೂಡಿದ ತುಟಿ ತೆರೆಯಲಿಲ್ಲ. ಬಿಂದುಶ್ರೀ ಅದನ್ನು ನುಂಗಿಕೊಂಡು ತಲೆ ತಗ್ಗಿಸಿ ಹೊರಟಳು. ಅವಳ ಹೆಗಲ ಮೇಲಿಂದ ಮಗು ಒಂದೇ ಸಮನೆ ಕೈ ಬೀಸುತ್ತಿತ್ತು, ಹೊಸದಾಗಿ ಕಲಿತದ್ದು.

ದುರ್ಗಮ್ಮ ಕೈ ಎತ್ತಲಿಲ್ಲ. ತಿರುವಿನಲ್ಲಿ ಅವರಿಬ್ಬರೂ ಮರೆಯಾದರು. ಗೇಟು ಇನ್ನೂ ಅಲ್ಲಾಡುತ್ತಿತ್ತು.